ಖಾನಾಪುರದ ಬೆಂಕಿ ಶಿಬಿರ: ಇಬ್ಬರು ಮಕ್ಕಳ ಜೊತೆ ಒಂದು ಭಾನುವಾರ

"ಅಲ್ಲಿ ಮಕ್ಕಳ ಮುಂದ ಖರೇನ ಬೆಂಕಿ ಹಚ್ತಾರಂತ, ಹೌದೇನ್ರಿ?"

ಹದಿನೈದು ದಿನದಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಓಣಿಯ ಮೂವರು ಅಮ್ಮಂದಿರು ನನ್ನನ್ನು ಇದನ್ನೇ ಕೇಳಿದ್ದಾರೆ. ಅವರು ಕೇಳುವುದು ಖಾನಾಪುರದ ಕಡೆ ಮಕ್ಕಳಿಗೆ ಕಾಡಿನ ಬೆಂಕಿ, ಮನೆಯ ಬೆಂಕಿಯ ಬಗ್ಗೆ ಕಲಿಸುವ ಒಂದು ದಿನದ ಶಿಬಿರದ ವಿಷಯ. ಹೌದು, ಹಚ್ಚುತ್ತಾರೆ. ಅದೇ ಹೆದರಿಕೆಯಿಂದ ನಾನೂ ಹೋದ ವರ್ಷ ಹಿಂದೆ ಮುಂದೆ ನೋಡಿ ಬಿಟ್ಟುಬಿಟ್ಟಿದ್ದೆ. ಈ ಫೆಬ್ರವರಿಯಲ್ಲಿ ಗಟ್ಟಿ ಮನಸ್ಸು ಮಾಡಿ ಇಬ್ಬರನ್ನೂ ಕರೆದುಕೊಂಡು ಹೋದೆ. ಮಗಳಿಗೆ ಹನ್ನೊಂದು, ಮಗನಿಗೆ ಏಳು. ಒಬ್ಬೊಬ್ಬರಿಗೂ ಮೆಟ್ಟಿಲ ಮೇಲೆ ನಿಂತು ಅರ್ಧ ಹೇಳುವುದಕ್ಕಿಂತ ಪೂರ್ತಿ ಬರೆದುಬಿಡುತ್ತೇನೆ. ಕಳಿಸಬೇಕೋ ಬೇಡವೋ ನೀವೇ ನೋಡಿ.

ಜಾಗ ಇರುವುದು ಖಾನಾಪುರದಿಂದ ಜಾಂಬೋಟಿ ಕಡೆಗೆ, ಕಾಡಿನ ಅಂಚಿಗೆ ಹತ್ತಿದ ಒಂದು ತೋಟದಲ್ಲಿ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ನಾವು ಬೆಳಿಗ್ಗೆ ಏಳರ ಬಸ್ಸಿಗೆ ಹೋಗಿ, ಅಲ್ಲಿಂದ ಇನ್ನೊಂದು ಮನೆಯವರ ಜೊತೆ ಟಂಟಂ ಮಾಡಿಕೊಂಡೆವು. ಶಿಬಿರ ನಡೆಸುವವರು ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದ ಒಬ್ಬ ಹಿರಿಯರು. ನರ್ಸ್ ಆಗಿರುವ ಅವರ ಮಗಳು ಜೊತೆಗಿರುತ್ತಾರೆ. ಬೋರ್ಡಿಲ್ಲ, ಜಾಹೀರಾತಿಲ್ಲ. ಒಂದು ಸಲಕ್ಕೆ ಇಪ್ಪತ್ತೇ ಮಕ್ಕಳು. ಹೆಸರು, ನಂಬರು ಎಲ್ಲೂ ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ. ಜನ ಜಾಸ್ತಿಯಾದರೆ ಬೆಂಕಿಯ ಹತ್ತಿರ ಯಾರನ್ನೂ ಕಾಯಲು ಆಗುವುದಿಲ್ಲ ಎಂಬುದು ಅವರ ಮಾತು, ನನಗೂ ಅದು ಸರಿ ಅನ್ನಿಸಿತು. ಬೇಕಾದವರು ನನ್ನನ್ನು ಕೇಳಿ, ಅವರ ಒಪ್ಪಿಗೆ ತೆಗೆದುಕೊಂಡು ಕೊಡುತ್ತೇನೆ. ಮಕ್ಕಳೆಲ್ಲ ಅವರನ್ನು ಕಾಕಾ ಅನ್ನುತ್ತಾರೆ, ಮಗಳನ್ನು ಅಕ್ಕ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ. ಒಂದು ಮಗುವಿಗೆ 350 ರೂಪಾಯಿ, ಊಟ ಸೇರಿ. ಜೊತೆಗೆ ಮನೆಯ ದೊಡ್ಡವರೊಬ್ಬರು ಇರಲೇಬೇಕು. ಅವರಿಗೆ ದುಡ್ಡಿಲ್ಲ.

ಹೋದ ಕೂಡಲೇ ಕಾಕಾ ಮಾಡಿದ ಮೊದಲ ಕೆಲಸ ಮಕ್ಕಳ ಬಟ್ಟೆ ನೋಡುವುದು. ಅಂಗಿಯ ತುದಿಯನ್ನು ಬೆರಳಲ್ಲಿ ತಿಕ್ಕಿ ನೋಡಿ ಹತ್ತಿಯೋ ನೈಲಾನೋ ಹೇಳಿಬಿಡುತ್ತಾರೆ. ನೈಲಾನ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೆ ಹತ್ತಿ ಬಟ್ಟೆ, ಕಾಲಿಗೆ ಬೂಟು, ಹೆಣ್ಣುಮಕ್ಕಳ ಜಡೆ ಮೇಲಕ್ಕೆ ಕಟ್ಟಿರಬೇಕು, ಹಾರಾಡುವ ದುಪಟ್ಟಾ ಬೇಡ. ಎರಡನೆಯ ಕೆಲಸ, ಒಂದು ಹಿಡಿ ಒಣ ಮಣ್ಣು ತೆಗೆದುಕೊಂಡು ಎದೆಯ ಮಟ್ಟದಿಂದ ಕೆಳಗೆ ಬಿಡುವುದು. ಮಣ್ಣು ನೇರ ಬಿದ್ದರೆ ಬೆಂಕಿ ಉಂಟು, ಪಕ್ಕಕ್ಕೆ ಹಾರಿದರೆ ಇಲ್ಲ. ಹಿಂದಿನ ವಾರ ಗಾಳಿ ಜೋರಾಗಿತ್ತೆಂದು ಹೊರಗಿನ ಬೆಂಕಿಯನ್ನು ಬಿಟ್ಟುಕೊಟ್ಟು, ಅದರ ಅರ್ಧ ದುಡ್ಡು ವಾಪಸ್ ಕೊಟ್ಟರಂತೆ. ಅದನ್ನು ಹೇಳಿದವರು ಎರಡನೇ ಸಲ ಬಂದಿದ್ದ ಒಬ್ಬ ತಾಯಿ. ಅವತ್ತು ನಮ್ಮ ಮಣ್ಣು ನೇರ ಬಿತ್ತು. ಕಣದ ಸುತ್ತ ನಾಲ್ಕು ಡ್ರಮ್ಮು ನೀರು, ಮರಳು ತುಂಬಿದ ಬುಟ್ಟಿಗಳು, ತೊಯ್ಸಿಟ್ಟ ಗೋಣಿಚೀಲ, ಒಂದು ರಾಶಿ ಹಸಿ ಟೊಂಗೆ. ನನ್ನ ಎದೆಯ ಢವಢವ ಅಲ್ಲಿಗೆ ಅರ್ಧ ಇಳಿಯಿತು.

ಈಗ ಮಣ್ಣಿನ ಹಲಗೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಆ ಇಡೀ ದಿನದಲ್ಲಿ ನನ್ನ ಮಕ್ಕಳ ತಲೆಯಲ್ಲಿ ಅಚ್ಚೊತ್ತಿದ್ದು ಇದೇ.

ಖಾನಾಪುರದ ಮಣ್ಣು ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಲ್ಲಿಯ ಹೆಂಚು, ಗಡಿಗೆ ಹೆಸರಾದವು. ಅದೇ ಮಣ್ಣನ್ನು ಹದ ಮಾಡಿ, ಒಂದು ದೊಡ್ಡ ಪರಾತದಷ್ಟು ಅಗಲ ತಟ್ಟಿ, ಅದರಲ್ಲಿ ಕಡ್ಡಿಪೆಟ್ಟಿಗೆಯ ಕಡ್ಡಿಗಳನ್ನು ಮದ್ದು ಮೇಲೆ ಬರುವ ಹಾಗೆ ಚುಚ್ಚುತ್ತಾರೆ. ಹತ್ತು ಸಾಲು, ಸಾಲಿಗೆ ಹತ್ತು ಕಡ್ಡಿ. ಚುಚ್ಚುವವರು ಮಕ್ಕಳೇ. ನೂರು ಕಡ್ಡಿ ನಿಂತ ಮೇಲೆ ಕಾಕಾ ಅಂದರು, "ಇದು ನಮ್ಮ ಕಾಡು. ಒಂದೊಂದು ಕಡ್ಡಿ ಒಂದೊಂದು ಗಿಡ." ಮಗ ತಾನು ಚುಚ್ಚಿದ ಕಡ್ಡಿಗಳಿಗೆ ಮತ್ತಿ, ಸಾಗವಾನಿ, ನಂದಿ ಅಂತ ಕಾಕಾ ಹೇಳಿಕೊಟ್ಟ ಹೆಸರು ಇಟ್ಟುಕೊಂಡ.

ಮೊದಲ ಹಲಗೆಯನ್ನು ಸಪಾಟಾಗಿ ನೆಲದ ಮೇಲಿಟ್ಟರು. ಮಕ್ಕಳನ್ನು ಸುಣ್ಣದ ಗೆರೆಯ ಹಿಂದೆ ನಿಲ್ಲಿಸಿ ಕಾಕಾ ತಾವೇ ಒಂದು ಅಂಚಿಗೆ ಹಚ್ಚಿದರು. ಚರ್ ಚರ್ ಅಂತ ಒಂದು ಸಾಲು, ಎರಡು ಸಾಲು. ಮಗಳು ಜೋರಾಗಿ ಎಣಿಸುತ್ತಿದ್ದಳು. ನಾಲ್ಕನೇ ಸಾಲಿಗೆ ಬಂದು ಬೆಂಕಿ ಆರಿಹೋಯಿತು. ಮಕ್ಕಳಿಗೆ ನಿರಾಸೆ, "ಅಯ್ಯ, ಆತೇನ್ರಿ ಕಾಕಾ?" ಅಂದರು. ಎರಡನೇ ಹಲಗೆಯ ಒಂದು ಬದಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ಅಷ್ಟೇ ಕಡ್ಡಿ, ಅಷ್ಟೇ ದೂರ. ಕೆಳಗಿನ ಸಾಲಿಗೆ ಹಚ್ಚಿದರು. ಮಗಳು ಏಳು ಎಣಿಸುವುದರೊಳಗೆ ಬುಸ್ ಅಂತ ನೂರೂ ಕಡ್ಡಿ ಉರಿದು ಕಪ್ಪಾದವು. ಒಂದು ಮಗುವೂ ಮಾತಾಡಲಿಲ್ಲ. ಗಂಧಕದ ವಾಸನೆ ಮಾತ್ರ.

ಕಾಕಾ ಆಗ ಹೇಳಿದ್ದು ಇಷ್ಟು. ಬೆಂಕಿಯ ಬಿಸಿ ಮೇಲೆ ಹೋಗುತ್ತದೆ. ಗುಡ್ಡದಲ್ಲಿ ಮೇಲಿರುವ ಹುಲ್ಲು, ಎಲೆ ಎಲ್ಲ ಉರಿ ಮುಟ್ಟುವ ಮೊದಲೇ ಕಾದು ಒಣಗಿರುತ್ತದೆ. ಆಮೇಲೆ ಉರಿ ಬಂದು ಸುಮ್ನೆ ಮುಟ್ಟಿದರೆ ಸಾಕು. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಬೆಂಕಿಯ ಓಟ ಹೆಚ್ಚುಕಡಿಮೆ ಇಮ್ಮಡಿ ಅಂತ ಕಾಡಿನ ಬೆಂಕಿ ಆರಿಸುವವರ ಲೆಕ್ಕ. ಹಾಗಾದರೆ ಗುಡ್ಡದಲ್ಲಿ ಬೆಂಕಿ ಕಂಡರೆ ಎತ್ತ ಓಡಬೇಕು? ಹದಿನೆಂಟು ಮಕ್ಕಳಲ್ಲಿ ಹದಿನಾಲ್ಕು ಜನ ಹಲಗೆ ನೋಡುವ ಮೊದಲು "ಮ್ಯಾಲೆ ಹತ್ತಬೇಕು" ಅಂದಿದ್ದರು. ಈಗ ಎಲ್ಲರೂ "ಪಕ್ಕಕ್ಕ, ಕೆಳಗ" ಅಂದರು. ರಸ್ತೆ, ಹಳ್ಳ, ಉತ್ತ ಹೊಲ, ಇಲ್ಲಾ ಆಗಲೇ ಸುಟ್ಟು ತಣ್ಣಗಾದ ಕಪ್ಪು ನೆಲ. ಸುಡುವುದಕ್ಕೆ ಏನೂ ಉಳಿಯದ ಜಾಗಕ್ಕೆ ಬೆಂಕಿ ಮತ್ತೆ ಬರುವುದಿಲ್ಲ. ಶಾಲೆಯ ಪುಸ್ತಕದಲ್ಲಿ ಬೆಂಕಿಗೆ ಉರುವಲು, ಗಾಳಿ, ಬಿಸಿ ಮೂರೂ ಬೇಕು ಅಂತ ತ್ರಿಕೋನ ಬರೆದಿರುತ್ತಾರೆ. ನನ್ನ ಮಗಳು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದಳು. ಆ ತ್ರಿಕೋನದ ಅರ್ಥ ಅವಳ ಮುಖದಲ್ಲಿ ಕಂಡದ್ದು ಅವತ್ತು.

ಮೂರನೇ ಹಲಗೆ ಮಕ್ಕಳ ಕೈಗೆ. "ಅರ್ಧ ಕಾಡು ಉಳಿಸ್ರಿ ನೋಡೂಣು" ಅಂದರು ಕಾಕಾ. ಗುಸುಗುಸು ಶುರುವಾಯಿತು. ಒಬ್ಬ ನೀರು ಹಾಕೋಣ ಅಂದ. ನೀರು ಇಲ್ಲ, ಇದು ಗುಡ್ಡ, ನೀರು ಎರಡು ಮೈಲಿ ಕೆಳಗೆ ಅಂದರು. ಕೊನೆಗೆ ಒಂದು ಪುಟ್ಟ ಹುಡುಗಿ ನಡುವಿನ ಎರಡು ಸಾಲು ಕಡ್ಡಿಯನ್ನು ಕಿತ್ತುಹಾಕಿದಳು. ಹಚ್ಚಿದಾಗ ಬೆಂಕಿ ಆ ಬರಿದು ಜಾಗದವರೆಗೆ ಬಂದು ನಿಂತಿತು, ಮೇಲಿನ ಸಾಲುಗಳು ಹಾಗೇ ಉಳಿದವು. ಇದೇ ಬೆಂಕಿ ರೇಖೆ. ಬೇಸಿಗೆಗೆ ಮುಂಚೆ ಕಾಡಿನಲ್ಲಿ ಗಾರ್ಡುಗಳು, ವಾಚರುಗಳು ಮೈಲಿಗಟ್ಟಲೆ ಹುಲ್ಲು, ಎಲೆ ತೆಗೆದು ಬರಿ ನೆಲ ಮಾಡಿಡುವುದು ಇದಕ್ಕೇ. ಈಗ ಎಲೆ ಊದುವ ಯಂತ್ರ ಬಂದಿದೆ. ಕಾಕಾನ ಕಾಲದಲ್ಲಿ ಸಲಿಕೆ, ಕಸಬರಿಗೆ ಮತ್ತು ಬೆನ್ನು.

ಆಮೇಲೆ ಕಾಡಿನ ಅಂಚಿಗೆ ನಡೆದುಕೊಂಡು ಹೋದೆವು. ಫೆಬ್ರವರಿಯಲ್ಲಿ ಆ ಕಾಡು ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಸಾಗವಾನಿಯ ಎಲೆ ಹಪ್ಪಳದ ಹಾಗೆ ಬಿದ್ದಿರುತ್ತದೆ, ಕಾಲಿಟ್ಟಲ್ಲೆಲ್ಲ ಕರಕರ ಸದ್ದು. ಬಿದಿರಿನ ಮೆಳೆಯ ಬುಡದಲ್ಲಿ ಮೊಣಕಾಲಷ್ಟು ಒಣ ಕಸ. ನಮ್ಮ ಕಡೆಯ ಕಾಡಿನ ಬೆಂಕಿ ಹೆಚ್ಚಾಗಿ ನೆಲದ ಮೇಲೇ ಓಡುವ ಬೆಂಕಿ. ಸಿನಿಮಾದಲ್ಲಿ ಕಾಣುವ ಹಾಗೆ ಮರದ ನೆತ್ತಿಯಿಂದ ನೆತ್ತಿಗೆ ಹಾರುವುದು ಅಪರೂಪ. ಅದಕ್ಕೇ ಜನ ಅದನ್ನು ಸಣ್ಣದು ಅಂದುಕೊಳ್ಳುತ್ತಾರೆ. "ದೊಡ್ಡ ಗಿಡ ನಿಂತಿರ್ತಾವ, ಖರೆ. ಅದರ ಮರಿ ಎಲ್ಲಿ ಅದಾವ ತೋರಸ್ರಿ" ಅಂದರು ಕಾಕಾ. ಹಿಂದಿನ ವರ್ಷ ಸುಟ್ಟ ಜಾಗದಲ್ಲಿ ಒಂದು ಸಸಿಯೂ ಇರಲಿಲ್ಲ. ಪಕ್ಕದಲ್ಲಿ ಸುಡದೆ ಉಳಿದ ಜಾಗದಲ್ಲಿ ಮಕ್ಕಳು ನಲವತ್ತಕ್ಕೂ ಹೆಚ್ಚು ಎಣಿಸಿದರು. ಕಾಡುಕೋಳಿ ನೆಲದ ಮೇಲೇ ಗೂಡು ಮಾಡುತ್ತದೆ, ಅದೂ ಇದೇ ಫೆಬ್ರವರಿಯಿಂದ ಮೇವರೆಗಿನ ತಿಂಗಳುಗಳಲ್ಲಿ. ಆಮೆ ಓಡಲಾರದು. ಎಲೆ ಸುಟ್ಟ ನೆಲದ ಮಣ್ಣು ಮೊದಲ ಮಳೆಗೇ ತೊಳೆದು ಹಳ್ಳ ಸೇರುತ್ತದೆ. ಮಲಪ್ರಭೆ ಹುಟ್ಟುವುದು ಇದೇ ತಾಲೂಕಿನ ಕಣಕುಂಬಿಯಲ್ಲಿ. ಮಹದಾಯಿ ಹುಟ್ಟುವುದೂ ಇದೇ ಭೀಮಗಡದ ಕಾಡಿನಲ್ಲಿ. 2011ರಲ್ಲಿ ವನ್ಯಧಾಮವಾದ ಸುಮಾರು 190 ಚದರ ಕಿಲೋಮೀಟರ್ ಕಾಡು ಅದು. ನನ್ನ ತವರಿನ ಕಡೆಯ ಹೊಲಗಳು ಮಲಪ್ರಭೆಯ ನೀರು ಕುಡಿಯುತ್ತವೆ. ಅಲ್ಲಿ ನಿಂತು ಅದನ್ನು ಯೋಚಿಸಿದಾಗ ಒಣ ಎಲೆಯೂ ನಮ್ಮ ಮನೆಯ ಸಾಮಾನು ಅನ್ನಿಸಿಬಿಟ್ಟಿತು.

ಬೆಂಕಿ ಯಾರು ಹಚ್ಚುತ್ತಾರೆ ಅಂತ ಕೇಳಿದಾಗ ಮಕ್ಕಳು ಸಿಡಿಲು, ಬಿಸಿಲು, ಬಿದಿರು ತಿಕ್ಕಾಡಿ ಅಂದರು. ಕಾಕಾ ತಲೆ ಅಲ್ಲಾಡಿಸಿದರು. ನಮ್ಮಲ್ಲಿ ಸಿಡಿಲು ಬರುವುದು ಹೆಚ್ಚಾಗಿ ಮಳೆಯ ಜೊತೆಗೇ. ಬಹುಪಾಲು ಬೆಂಕಿ ಮನುಷ್ಯರದ್ದೇ. ಸೇದಿ ಎಸೆದ ಬೀಡಿ, ಹೊಸ ಹುಲ್ಲು ಚಿಗುರಲಿ ಅಂತ ಹಚ್ಚಿದ್ದು, ಜೇನು ಬಿಡಿಸುವವರ ದೊಂದಿ, ಪಿಕ್‌ನಿಕ್‌ಗೆ ಬಂದವರ ಒಲೆ, ಹೊಲದ ಕಸಕ್ಕೆ ಹಚ್ಚಿ ಊಟಕ್ಕೆ ಹೋದದ್ದು. ಆಗ ಒಬ್ಬ ಹುಡುಗ ಥಟ್ಟನೆ, "ನಮ್ಮಪ್ಪಾ ರವದಿ ಸುಡ್ತಾರ್ರಿ" ಅಂದ. ಅಪ್ಪ ಅಲ್ಲೇ ನಿಂತಿದ್ದರು. ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆ, ಅಂದರೆ ರವದಿ, ಸುಡುವುದು ನಮ್ಮ ಜಿಲ್ಲೆಯಲ್ಲಿ ಎಲ್ಲರ ಕಣ್ಣಿಗೂ ಬಿದ್ದದ್ದೇ. ಕಾಕಾ ಆ ತಂದೆಯನ್ನು ಮಕ್ಕಳ ಮುಂದೆ ಸಣ್ಣವರನ್ನಾಗಿ ಮಾಡಲಿಲ್ಲ. ಪಕ್ಕಕ್ಕೆ ಬಂದು ಕೂತು, ರವದಿಯನ್ನು ಸಾಲಿನ ನಡುವೆ ಹರವಿ ಬಿಟ್ಟರೆ ತೇವ ನಿಲ್ಲುತ್ತದೆ, ಕಳೆ ಕಡಿಮೆ ಅಂತ ಮಾತಾಡಿದರು. ಆ ತಂದೆ, ಕೂಲಿ ಎಲ್ಲಿಂದ ತರೋಣ್ರಿ ಅಂದರು. ಅದೂ ನಿಜವಾದ ಕಷ್ಟವೇ. ಇಬ್ಬರೂ ಬಹಳ ಹೊತ್ತು ಮಾತಾಡಿದರು, ಹುಡುಗ ನಡುವೆ ನಿಂತು ಕೇಳುತ್ತಿದ್ದ.

2019ರ ಫೆಬ್ರವರಿಯ ಬಂಡೀಪುರದ ಬೆಂಕಿಯ ಕಥೆಯನ್ನೂ ಹೇಳಿದರು. ಸಾವಿರಾರು ಎಕರೆ ಹೋಗಿ, ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಕೆಟ್ ತೂಗುಬಿಟ್ಟು ನೀರು ಸುರಿದವು. ಗಂಡುಮಕ್ಕಳಿಗೆ ಹೆಲಿಕಾಪ್ಟರ್ ಅಂದ ಕೂಡಲೇ ಉಸಿರು ನಿಂತಿತು. ಉಪಗ್ರಹದ ಮಾತೂ ಬಂತು. ಆಕಾಶದಿಂದಲೇ ನೆಲದ ಬಿಸಿ ನೋಡಿ, ಡೆಹ್ರಾಡೂನ್‌ನಲ್ಲಿರುವ ಭಾರತೀಯ ಅರಣ್ಯ ಸಮೀಕ್ಷೆಯಿಂದ ಇಲಾಖೆಯವರ ಮೊಬೈಲಿಗೆ ಬೆಂಕಿ ಎಲ್ಲಿದೆ ಅಂತ ಸಂದೇಶ ಬರುತ್ತದೆ. ಈಗಿನ ಒಂದು ಉಪಗ್ರಹ 375 ಮೀಟರ್ ಚೌಕದಷ್ಟು ಜಾಗವನ್ನು ಒಂದು ಚುಕ್ಕಿಯ ಹಾಗೆ ನೋಡುತ್ತದೆ. ನನ್ನ ಮಗಳು ಕೈ ಎತ್ತಿ, "ಹಂಗಾದ್ರ ನಾವ್ಯಾಕ ನೋಡಬೇಕ್ರಿ ಕಾಕಾ?" ಅಂತ ಕೇಳಿದಳು. "ಅದು ದಿನಕ್ಕ ಒಂದಿಷ್ಟು ಸಲ ಹಾದು ಹೋಗತೈತಿ, ತಂಗಿ. ದನ ಕಾಯೋ ಹುಡುಗ ಇಡೀ ದಿನಾ ಅಲ್ಲೇ ಇರ್ತಾನ" ಅಂದರು.

ಊಟಕ್ಕೆ ಜೋಳದ ರೊಟ್ಟಿ, ಜುಣಕ, ಶೇಂಗಾ ಚಟ್ನಿ, ಮಜ್ಜಿಗೆ. ಚೆನ್ನಾಗಿತ್ತು.

ಊಟಕ್ಕೆ ಮೊದಲು ಮಾವಿನ ಗಿಡದ ಕೆಳಗೆ ನಡೆದದ್ದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಎಲ್ಲರನ್ನೂ ಗುಂಡಗೆ ಕೂರಿಸಿ ಕಾಕಾ ಕೇಳಿದರು, "ದೊಡ್ಡವರಿಗೆ ಹೇಳದಂಗ ಬೆಂಕಿ ಹಚ್ಚಿದವರು ಯಾರ್ ಯಾರು ಅದೀರಿ?" ಒಂದು ಕೈಯೂ ಮೇಲೆ ಬರಲಿಲ್ಲ. ಮಕ್ಕಳು ಅಪ್ಪ ಅಮ್ಮಂದಿರ ಮುಖ ನೋಡುತ್ತಿದ್ದರು. ಕಾಕಾ ತಮ್ಮ ಕೈ ಎತ್ತಿದರು. ಏಳನೇ ವಯಸ್ಸಿಗೆ ಅಜ್ಜನ ಬೀಡಿ ಕದ್ದು ಗುಡಿಸಲ ಹಿಂದೆ ಹಚ್ಚಿದ್ದೆ ಅಂದರು. ಆಮೇಲೆ ಒಂದು ಕೈ, ಮೂರು ಕೈ, ಹನ್ನೊಂದು ಕೈ. ನನ್ನ ಮಗನ ಕೈಯೂ ಇತ್ತು. ದೇವರ ಮನೆಯ ಊದುಬತ್ತಿಯಿಂದ ಕಾಗದ ಸುಟ್ಟಿದ್ದನಂತೆ. ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ನಾನೂ ಕೈ ಎತ್ತಿದೆ.

ಬೈಲಹೊಂಗಲದ ಕಡೆ ನಮ್ಮೂರು. ನನಗಾಗ ಎಂಟು ವರ್ಷ, ನನ್ನ ಚಿಕ್ಕಪ್ಪನ ಮಗನಿಗೆ ಒಂಬತ್ತು. ಕಡಲೆ ಹಸಿ ಇರುವ ಕಾಲ. ಸುಲಗಾಯಿ ಸುಟ್ಟು ತಿನ್ನೋಣ ಅಂತ ಹಿತ್ತಲಿನ ಕಣಿಕಿ (ಜೋಳದ ಒಣ ದಂಟು) ಬಣವಿಯ ಪಕ್ಕ ಒಂದು ಹಿಡಿ ರವದಿ ಕೂಡಿಸಿ ಕಡ್ಡಿ ಗೀರಿದೆವು. ಗಾಳಿ ಬಂತು. ಬಣವಿಯ ಬುಡಕ್ಕೆ ಒಂದು ಸಣ್ಣ ಉರಿ ಹತ್ತಿದ್ದನ್ನು ಇಬ್ಬರೂ ನೋಡಿದೆವು. ಅಂಗೈಯಷ್ಟು ಉರಿ. ಅಡಿಗೆ ಮನೆ ಐವತ್ತು ಹೆಜ್ಜೆ. ಅವ್ವ ಅಲ್ಲೇ ರೊಟ್ಟಿ ಬಡಿಯುತ್ತಿದ್ದಳು, ಸದ್ದು ಕೇಳಿಸುತ್ತಿತ್ತು. ನಾವು ಅವಳ ಹತ್ತಿರ ಓಡಲಿಲ್ಲ. ಬಡಿಗೆಯ ಹೆದರಿಕೆಗೆ ಪಕ್ಕದ ಮನೆಯ ಹತ್ತಿ ತುಂಬಿದ ಕೋಣೆಯಲ್ಲಿ ಹೋಗಿ ಕೂತೆವು. ಹತ್ತಿ ತುಂಬಿದ ಕೋಣೆ. ಅದು ಎಂಥ ಜಾಗ ಅಂತ ನನಗೆ ಹೊಳೆದದ್ದು ನಾನು ತಾಯಿಯಾದ ಮೇಲೆ. ಮನೆಯವರಿಗೆ ತಿಳಿಯುವ ಹೊತ್ತಿಗೆ ಉರಿ ಮಾಳಿಗೆಯ ಎತ್ತರ ಎದ್ದಿತ್ತು. ಬಣವಿಯ ಹಿಂದೆ ಕಟ್ಟಿದ್ದ ಎಮ್ಮೆಯ ಕರುವನ್ನು ಬಿಚ್ಚಲು ಆಗಲಿಲ್ಲ. ಅವತ್ತು ಓಡಿಹೋಗಿ ಹೇಳಿದ್ದರೆ ಒಂದು ಕೊಡ ನೀರಿನ ಕೆಲಸವಾಗಿತ್ತು. ಯಾರು ಹಚ್ಚಿದರು ಅಂತ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳಿಗೆ ನಾನು ಹೇಳಲೇ ಇಲ್ಲ.

ಅಷ್ಟು ಜನರ ಮುಂದೆ ಇದನ್ನು ಹೇಳುವಾಗ ದನಿ ನಡುಗಿತು. ಮಗಳು ಎದ್ದು ಬಂದು ಪಕ್ಕದಲ್ಲಿ ಕೂತಳು. ಕಾಕಾ ಏನೂ ಸಮಾಧಾನ ಹೇಳಲಿಲ್ಲ. ದೊಡ್ಡವರನ್ನೆಲ್ಲ ಎದ್ದು ನಿಲ್ಲಿಸಿದರು. ಬೆಂಕಿ ಹತ್ತಿತು ಅಂತ ಸುದ್ದಿ ತಂದ ಮಗುವಿಗೆ ಆ ಹೊತ್ತಿನಲ್ಲಿ ಬೈಯುವುದಿಲ್ಲ, ಹೊಡೆಯುವುದಿಲ್ಲ, ಯಾರು ಹಚ್ಚಿದ್ದು ಅಂತ ಕೇಳುವುದೂ ಇಲ್ಲ ಅಂತ ನಮ್ಮ ನಮ್ಮ ಮಕ್ಕಳ ಕಣ್ಣು ನೋಡಿ ಹೇಳಿಸಿದರು. ಮಕ್ಕಳಿಂದ ಒಂದೇ ಮಾತು: "ಆರಿಸಾಕ ಹೋಗೂದಿಲ್ಲ, ಅಡಗೂದಿಲ್ಲ, ಓಡಿ ಬಂದು ಹೇಳ್ತೀವಿ." ಮೂರು ಸಲ ಹೇಳಿಸಿದರು. ಎಷ್ಟೋ ಕಡೆ ಮಕ್ಕಳಿಗೆ ಬೆಂಕಿ ಮುಟ್ಟಬೇಡಿ ಅಂತ ಕಲಿಸುತ್ತಾರೆ. ಹತ್ತಿಬಿಟ್ಟ ಮೇಲೆ ಬಂದು ಹೇಳು, ನಿನಗೆ ಏನೂ ಆಗುವುದಿಲ್ಲ ಅಂತ ಹೇಳುವವರನ್ನು ನಾನು ಮೊದಲ ಸಲ ನೋಡಿದೆ. 350 ರೂಪಾಯಿ ಇದೊಂದಕ್ಕೇ ಕೊಟ್ಟರೂ ನನಗೆ ಸಾಕು.

ಮಧ್ಯಾಹ್ನದ ಪಾಠ ಅಕ್ಕನದು, ಮನೆಯ ಬೆಂಕಿಯ ಬಗ್ಗೆ. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡ, ನಿಲ್ಲು, ಬೀಳು, ಉರುಳು. ಬೀಳುವಾಗ ಎರಡೂ ಕೈಯಿಂದ ಮುಖ ಮುಚ್ಚಿಕೋ. ಹೊಗೆ ತುಂಬಿದರೆ ನೆಲಕ್ಕೆ ಹತ್ತಿ ಅಂಬೆಗಾಲಲ್ಲಿ ಹೊರಗೆ ಹೋಗು, ಒಳ್ಳೆಯ ಗಾಳಿ ಕೆಳಗಿರುತ್ತದೆ. ಗೋಣಿತಟ್ಟಿನ ಮೇಲೆ ಒಬ್ಬೊಬ್ಬರಿಂದಲೂ ಮಾಡಿಸಿದರು, ನಮ್ಮಿಂದಲೂ. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು, ಇಪ್ಪತ್ತು ನಿಮಿಷ, ಗಡಿಯಾರ ನೋಡಿ. ಐಸ್ ಬೇಡ. ಟೂತ್‌ಪೇಸ್ಟ್, ತುಪ್ಪ, ಇಂಕು, ಅರಿಶಿನ ಯಾವುದೂ ಬೇಡ. ಇದನ್ನು ಕೇಳಿ ನಾಲ್ಕೈದು ಅಜ್ಜಿಯರು ಒಪ್ಪಲಿಲ್ಲ. ಅಕ್ಕ ಬೇಸರ ಮಾಡಿಕೊಳ್ಳದೆ, ಆಸ್ಪತ್ರೆಯಲ್ಲಿ ಆ ಪೇಸ್ಟನ್ನು ಗಾಯದಿಂದ ತೆಗೆಯುವಾಗ ಮಗು ಹೇಗೆ ಚೀರುತ್ತದೆ ಅಂತ ಹೇಳಿದರು. ಅಜ್ಜಿಯರು ಸುಮ್ಮನಾದರು.

ಗ್ಯಾಸಿನ ಪಾಠ ಚೆನ್ನಾಗಿತ್ತು, ಆದರೆ ಓಡಿಸಿಬಿಟ್ಟರು. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತ ಮರ್ಕ್ಯಾಪ್ಟನ್ ಎಂಬ ನಾರುವ ವಸ್ತು ಸೇರಿಸುತ್ತಾರೆ. ಗಾಳಿಗಿಂತ ಭಾರ, ಅದಕ್ಕೆ ನೆಲಕ್ಕೆ ಇಳಿದು ಕೂರುತ್ತದೆ. ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ದೊಡ್ಡವರು ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಮಕ್ಕಳ ಕೆಲಸ ಹೊರಗೆ ಓಡಿ ಹೇಳುವುದು ಮಾತ್ರ. ಇಷ್ಟನ್ನು ಹತ್ತು ನಿಮಿಷದಲ್ಲಿ ಮುಗಿಸಿದರು. ಊಟವಾಗಿತ್ತು, ಬಿಸಿಲು ಏರಿತ್ತು, ಸಣ್ಣ ಮಕ್ಕಳು ತೂಕಡಿಸುತ್ತಿದ್ದರು. ಈ ಪಾಠ ಬೆಳಿಗ್ಗೆಯೇ ಆಗಬೇಕು. ಕಾಡು ನಮ್ಮ ಮಕ್ಕಳಿಗೆ ವರ್ಷಕ್ಕೊಮ್ಮೆ, ಗ್ಯಾಸ್ ದಿನಕ್ಕೆ ಮೂರು ಸಲ.

ಬೆಂಕಿ ಆರಿಸುವ ಸಿಲಿಂಡರ್ ಒಂದೇ ಒಂದಿತ್ತು, ಎರಡು ಕೆಜಿಯ ಪುಡಿಯದ್ದು. ಮುಳ್ಳು ಹಸಿರಿನಲ್ಲಿದೆಯಾ ನೋಡಿ, ಪಿನ್ ಎಳೆದು, ಉರಿಯ ಬುಡಕ್ಕೆ ಗುರಿ ಹಿಡಿದು, ಹಿಡಿ ಒತ್ತಿ, ಆ ಕಡೆ ಈ ಕಡೆ ಆಡಿಸಬೇಕು. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಇಬ್ಬರು ತಂದೆಯರಿಗೆ ಸಿಕ್ಕಿತು, ಅಷ್ಟರಲ್ಲಿ ಮುಗಿಯಿತು. ಅಡಿಗೆ ಮನೆಯಲ್ಲಿ ಅದನ್ನು ಹಿಡಿಯಬೇಕಾದವರು ಹೆಚ್ಚಾಗಿ ನಾವೇ, ಒಬ್ಬ ತಾಯಿಗಾದರೂ ಕೊಡಬೇಕಿತ್ತು. ಇದನ್ನು ಅಕ್ಕನಿಗೆ ಹೇಳಿದೆ, ಬರೆದುಕೊಂಡರು. ಫ್ಲ್ಯಾಟಿನಲ್ಲಿರುವ ಮಕ್ಕಳಿಗೆ ಲಿಫ್ಟ್ ಬೇಡ, ಮೆಟ್ಟಿಲು ಹಿಡಿ ಅನ್ನುವುದನ್ನು ಒಂದೇ ಸಾಲಿನಲ್ಲಿ ದಾಟಿಸಿದರು. ಬೆಳಗಾವಿಯಿಂದ ಬಂದವರಲ್ಲಿ ಅರ್ಧ ಜನ ಫ್ಲ್ಯಾಟಿನವರೇ ಇದ್ದರು. ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳೂ ಇದ್ದರು. ಕಾಕಾ ಎರಡೂ ಭಾಷೆಯಲ್ಲಿ ಹೇಳುತ್ತಾರೆ, ಅಕ್ಕನ ಪಾಠ ಕನ್ನಡದಲ್ಲಿ ಮಾತ್ರ. ಒಂದೇ ಶೌಚಾಲಯ, ಸಾಲು ಉದ್ದ.

ನಮ್ಮ ಶಾಲೆಗಳಲ್ಲಿ ಈ ಕೆಲಸ ಯಾಕೆ ಆಗುತ್ತಿಲ್ಲ ಅಂತ ಬಸ್ಸಿನಲ್ಲಿ ಯೋಚಿಸುತ್ತಿದ್ದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸಿಡಿದು, ಆರಿಸಲು ಹೋದ ಎಷ್ಟೋ ಅಗ್ನಿಶಾಮಕದವರು ಸತ್ತರು. ಅವರ ನೆನಪಿಗೆ ದೇಶದಲ್ಲೆಲ್ಲ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ಇರುತ್ತದೆ. ಆ ಹೊತ್ತಿಗೆ ನಮ್ಮ ಮಕ್ಕಳಿಗೆ ಬೇಸಿಗೆ ರಜೆ ಬಿದ್ದಿರುತ್ತದೆ. ಕಾಡಿಗೆ ಬೆಂಕಿ ಬೀಳುವ ಕಾಲವೂ ಫೆಬ್ರವರಿಗೇ ಶುರು. ಶಾಲೆಗಳು ಜನವರಿಯಲ್ಲೇ ಒಂದು ದಿನ ಇಟ್ಟುಕೊಂಡರೆ ಎಷ್ಟು ಒಳ್ಳೆಯದು. ಅಗ್ನಿಶಾಮಕ ಠಾಣೆಗೆ ಶಾಲೆಯಿಂದ ಪತ್ರ ಬರೆದು ಕೇಳೋಣ ಅಂತ ನಮ್ಮ ಪೋಷಕರ ಸಭೆಯಲ್ಲಿ ಹೇಳುವವಳಿದ್ದೇನೆ.

ಇನ್ನು ನೀವು ಕೇಳುವ ಮುಖ್ಯ ಪ್ರಶ್ನೆ. ಮಕ್ಕಳು ಮನೆಗೆ ಬಂದು ಅದನ್ನೇ ಮಾಡಿ ನೋಡಿದರೆ? ನನಗೂ ಅದೇ ಭಯವಿತ್ತು. ನಾಲ್ಕನೇ ದಿನ ಸಂಜೆ ಸೊಸೈಟಿಯ ಕೆಲಸ ಮುಗಿಸಿ ಮನೆಗೆ ಬಂದೆ. ಮಗ ಚಪಾತಿ ಹಿಟ್ಟಿನ ಉಂಡೆಯನ್ನು ತಾಟಿನಲ್ಲಿ ಒತ್ತಿ, ಅದರಲ್ಲಿ ಕಡ್ಡಿ ಚುಚ್ಚುತ್ತ ಕೂತಿದ್ದ. ನನ್ನ ಜೀವ ಬಾಯಿಗೆ ಬಂತು. ಕಡ್ಡಿಪೆಟ್ಟಿಗೆ ಅವನ ಕೈಗೆ ಸಿಗುವ ಜಾಗದಲ್ಲಿದ್ದದ್ದು ನನ್ನದೇ ತಪ್ಪು, ಅವತ್ತಿನಿಂದ ಮೇಲಿನ ಕಪಾಟಿಗೆ ಹೋಗಿದೆ. ಆದರೆ ಒಂದು ಕಡ್ಡಿಯೂ ಸುಟ್ಟಿರಲಿಲ್ಲ. ತಾಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, "ಅವ್ವಾ, ನೀನ ಹಚ್ಚು" ಅಂದ. ಅವನಿಗೆ ನಾನು ಮಾತು ಕೊಟ್ಟಿದ್ದೆನಲ್ಲ, ಬೈಯಲಿಲ್ಲ. ತಾರಸಿಗೆ ಹೋದೆವು. ಬಕೆಟ್ಟಿನಲ್ಲಿ ನೀರು ತಂದು ಪಕ್ಕದಲ್ಲಿಟ್ಟ. ಒಂದು ಹಿಡಿ ಮಣ್ಣು ತೆಗೆದು ಎದೆಯ ಮಟ್ಟದಿಂದ ಬಿಟ್ಟ. ಮಣ್ಣು ಪಕ್ಕಕ್ಕೆ ಹಾರಿತು. "ಇವತ್ತ ಬ್ಯಾಡವ್ವಾ, ಗಾಳಿ ಐತಿ" ಅಂತ ತಾಟು ಎತ್ತಿಕೊಂಡು ಕೆಳಗಿಳಿದ.

ನನ್ನ ಮಟ್ಟಿಗೆ ಎಂಟು ವರ್ಷ ದಾಟಿದ ಮಕ್ಕಳಿಗೆ ಕಣ್ಣು ಮುಚ್ಚಿ ಕಳಿಸಬಹುದು. ಏಳರ ಕೆಳಗಿನವರಾದರೆ ಆಮೇಲಿನ ಒಂದು ತಿಂಗಳು ಮನೆಯಲ್ಲಿ ನೀವು ಕಣ್ಣಿಟ್ಟಿರಬೇಕು. ಅದು ಆಗುವುದಿಲ್ಲ ಅನ್ನಿಸಿದರೆ ಇನ್ನೊಂದು ವರ್ಷ ತಡೆಯಿರಿ. ಶಿಬಿರ ಮಾರ್ಚಿನ ಮೊದಲ ವಾರದವರೆಗೆ ಮಾತ್ರ. ಆಮೇಲೆ ನೆಲ ತೀರ ಒಣಗುತ್ತದೆ, ಕಾಕಾ ಒಂದು ಕಡ್ಡಿಯನ್ನೂ ಗೀರುವುದಿಲ್ಲ. ಬರುವಾಗ ಪ್ರತಿ ಮಗುವಿಗೆ ನಂಬರು ಬರೆದ ಚೀಟಿ ಕೊಡುತ್ತಾರೆ: ಎಲ್ಲ ತುರ್ತಿಗೂ 112, ಬೆಂಕಿಗೆ 101, ಕಾಡಿನ ಸುದ್ದಿಗೆ ಅರಣ್ಯ ಸಹಾಯವಾಣಿ 1926, ಗ್ಯಾಸಿಗೆ 1906. ನಮ್ಮದು ಫ್ರಿಜ್ಜಿನ ಬಾಗಿಲ ಮೇಲಿದೆ. ಮಗುವಿಗೂ ನಿಮಗೂ ಎರಡೆರಡು ನೀರಿನ ಬಾಟಲಿ ಇಟ್ಟುಕೊಳ್ಳಿ, ಮಗುವಿಗೆ ಹತ್ತಿ ಅಂಗಿ ಹಾಕಿಸಿ. ಅವತ್ತು ಮಿಂಚುವ ಜರ್ಸಿ ಹಾಕಿಕೊಂಡು ಬಂದ ಒಬ್ಬ ಹುಡುಗನನ್ನು ಸುಣ್ಣದ ಗೆರೆಯ ಹತ್ತಿರವೂ ಬಿಡಲಿಲ್ಲ. ಪಾಪ, ಅಕ್ಕ ತಮ್ಮ ಮನೆಯಿಂದ ಅಣ್ಣನ ಹಳೆ ಹತ್ತಿ ಅಂಗಿ ತಂದು ಹಾಕಿದ ಮೇಲೆಯೇ ಅವನ ಅಳು ನಿಂತದ್ದು. ತೋಳು ಮೊಣಕಾಲವರೆಗೆ ಇಳಿಬಿದ್ದಿತ್ತು, ಅದನ್ನು ನಾಲ್ಕು ಸಲ ಮಡಚಿ ಕೊಟ್ಟರು.